ಮುಂಗಾರಿನ ಮುನ್ಸೂಚನೆ ಮತ್ತು ರೈತನ ಹೊಲ

ಉತ್ತರ ಪಿನಾಕಿನಿ, ಚಿತ್ರಾವತಿ ಹುಟ್ಟುವ ಸೀಮೆಯಾದರೂ ಸ್ಕಂದಗಿರಿಯ ಸುತ್ತಲಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೊಳವೆಬಾವಿ ಇಲ್ಲದ ಸಣ್ಣ ರೈತನಿಗೆ ಮಳೆಯೇ ಗತಿ. ಯುಗಾದಿಯ ಪಂಚಾಂಗ ಶ್ರವಣದಲ್ಲಿ ಈ ವರ್ಷ ಎಷ್ಟು ಕೊಳಗ ಮಳೆ ಎಂದು ಕೇಳುವುದು ಹಳೆಯ ರೂಢಿ. ಈ ಹಂಬಲಕ್ಕೆ ವಿಜ್ಞಾನ ಉತ್ತರ ಹುಡುಕಿದ್ದು ಒಂದು ಭೀಕರ ಕ್ಷಾಮದ ನಂತರ.

1876-78ರ ಧಾತು-ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನವನ್ನು ಹಿಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಭಾರತೀಯ ಹವಾಮಾನ ಇಲಾಖೆ ಆರಂಭವಾದದ್ದು 1875ರಲ್ಲಿ. ಅದರ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚಾದರೆ ಮುಂಗಾರು ಕ್ಷೀಣಿಸುತ್ತದೆಂದು ಗುರುತಿಸಿ, 1886ರಲ್ಲಿ ಮೊದಲ ಅಧಿಕೃತ ಮುನ್ಸೂಚನೆ ನೀಡಿದರು. 1904ರಲ್ಲಿ ಆ ಹುದ್ದೆಗೆ ಬಂದ ಗಿಲ್ಬರ್ಟ್ ವಾಕರ್, ಪೆಸಿಫಿಕ್ ಸಾಗರದ ವಾಯುಭಾರದ ಏರಿಳಿತಕ್ಕೂ ನಮ್ಮ ಮಳೆಗೂ ಇರುವ ನಂಟನ್ನು ತೋರಿಸಿದರು. ಇಂದಿನ ಎಲ್‌ನಿನೊ ಚರ್ಚೆಯ ಬೇರು ಅಲ್ಲಿದೆ.

ಈ ಮುನ್ಸೂಚನೆಗಳು ಹೇಳುತ್ತಿದ್ದುದು ವಿಶಾಲ ಪ್ರದೇಶದ ನಾಲ್ಕು ತಿಂಗಳ ಒಟ್ಟು ಮಳೆಯನ್ನು. ಅದೂ ತಪ್ಪುವುದುಂಟು. 2002ರಲ್ಲಿ ವಾಡಿಕೆಯ ಶೇ 101ರಷ್ಟು ಮಳೆ ಎಂದಿತ್ತು ಇಲಾಖೆ; ಬಿದ್ದದ್ದು ಶೇ 19ರಷ್ಟು ಕಡಿಮೆ. ಲೆಕ್ಕ ಸರಿಯಾದ ವರ್ಷದಲ್ಲೂ ಚಿಂತಾಮಣಿಯ ಹೊಲ ಒಣಗಬಹುದು. ರೈತನ ಪ್ರಶ್ನೆಯೇ ಬೇರೆ: ಈಗ ಬಿತ್ತಬೇಕೆ, ಕಾಯಬೇಕೆ? ದೀರ್ಘಾವಧಿ ರಾಗಿಯೋ, ಅಲ್ಪಾವಧಿಯದೋ, ಇಲ್ಲ ಹುರುಳಿಯೋ? ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಸಾಲ ಮಾಡಿ ತಂದ ಬೀಜ, ಗೊಬ್ಬರ ಮಣ್ಣುಪಾಲು.

ಈ ಪ್ರಶ್ನೆಯಿಂದಲೇ ಹೊರಟ ಪ್ರಯತ್ನವೊಂದು ನಡೆದದ್ದು ಗೌರಿಬಿದನೂರಿನ ಉತ್ತರಕ್ಕಿರುವ ಪಾವಗಡದಲ್ಲಿ. 1990ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಪಿ.ಆರ್. ಶೇಷಗಿರಿ ರಾವ್ ಮತ್ತು ಸಂಗಡಿಗರು ಕಡಲೆಕಾಯಿ ಬೆಳೆಗಾರರೊಂದಿಗೆ ಕುಳಿತು ಚರ್ಚಿಸಿದರು. ಹಲವು ದಶಕಗಳ ಮಳೆ ದಾಖಲೆಯನ್ನು ಬೆಳೆಯ ಬೆಳವಣಿಗೆಯೊಂದಿಗೆ ತಾಳೆ ನೋಡಿದರು. ಬಿತ್ತನೆಯ ದಿನ ಬದಲಾದಂತೆ, ಮಳೆ ಬಿಡುವು ಬೆಳೆಯ ಯಾವ ಹಂತಕ್ಕೆ ಬೀಳುತ್ತದೆ ಎಂಬುದೂ ಬದಲಾಗುತ್ತದೆ. ಕಾಯಿ ಬಲಿಯುವಾಗ ನೀರು ತಪ್ಪಿದರೆ ಇಳುವರಿ ಕುಸಿಯುತ್ತದೆ. ಹೀಗೆ ಹಳೆಯ ದಾಖಲೆಯೂ ಬಿತ್ತನೆಗೆ ದಾರಿ ತೋರಬಲ್ಲದು.

1988ರಲ್ಲಿ ಬರ ನಿಗಾ ಘಟಕ ಆರಂಭಿಸಿದ ಕರ್ನಾಟಕದಲ್ಲಿ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳಿವೆ. ಹವಾಮಾನ ಇಲಾಖೆಯೂ ಹಂಗಾಮಿನ ಮಳೆಯನ್ನು ಸಂಭವನೀಯತೆಯ ಲೆಕ್ಕದಲ್ಲಿ ಹೇಳುತ್ತದೆ. ಆದರೆ ‘ಮಳೆ ತಡವಾದೀತು’ ಎಂಬ ಮಾತಿನ ಜೊತೆಗೇ ಅಲ್ಪಾವಧಿ ಬೀಜವೂ ಸಾಲವೂ ಸಿಗದಿದ್ದರೆ ರೈತನಿಗೆ ಅದು ಬರಿಯ ಸುದ್ದಿ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕಿದ ಹಿರಿಯರು, ಒಂದು ಕೈಕೊಟ್ಟರೆ ಇನ್ನೊಂದು ಇರಲೆಂದು ಲೆಕ್ಕ ಹಾಕಿದ್ದರು. ಮುನ್ಸೂಚನೆ ಆ ಲೆಕ್ಕಕ್ಕೆ ನೆರವಾದಾಗಷ್ಟೇ ಸಾರ್ಥಕ.