ಸಮಾಧಿಯೂ ಮಣ್ಣಿನ ಜೀವಿಗಳೂ

ಇಷ್ಟಲಿಂಗಧಾರಿಗಳ ಕಾಯವನ್ನು ಅಗ್ನಿಗೆ ಅರ್ಪಿಸದೆ ಭೂಮಿಗೆ ಒಪ್ಪಿಸುವುದು ಲಿಂಗವಂತರ ಪುರಾತನ ಸಂಪ್ರದಾಯವು. ಲಿಂಗೈಕ್ಯರಾದವರನ್ನು ಕುಳಿತ ಭಂಗಿಯಲ್ಲಿರಿಸಿ, ಎಡದ ಕರತಲದಲ್ಲಿ ಇಷ್ಟಲಿಂಗವನ್ನಿಟ್ಟು, ಬಿಲ್ವಪತ್ರೆಯನ್ನೂ ವಿಭೂತಿಯನ್ನೂ ಅರ್ಪಿಸಿ ಮಣ್ಣು ಮುಚ್ಚುವರು. ಹಲವೆಡೆ ಉಪ್ಪನ್ನು ಹಾಕುವುದೂ ಉಂಟು. ಹೀಗೆ ಒಪ್ಪಿಸಿದ ಕಾಯವು ಮುಂದೆ ಏನಾಗುವುದೆಂಬ ಪ್ರಶ್ನೆಯು ಗದ್ದುಗೆಗೆ ನಮಿಸುವ ಭಕ್ತರ ಮನಸ್ಸಿನಲ್ಲಿ ಏಳುವುದು ಸಹಜವೇ. ಮಹಾತ್ಮರ ಕಾಯವು ಎಂದಿಗೂ ಕೆಡದೆಂದು ಕೆಲವರು ನಂಬುವರು. ಕ್ರಿಮಿಗಳು ಮುಟ್ಟಿದವೆಂದರೆ ಮಹಿಮೆಗೆ ಕುಂದೆಂದು ಕೆಲವರು ಅಂಜುವರು. ಈ ನಂಬಿಗೆ, ಈ ಅಂಜಿಕೆ ಎರಡನ್ನೂ ವಿಚಾರಿಸಿ ನೋಡುವುದು ಯುಕ್ತವಾಗಿದೆ.

ಭೂಸಮಾಧಿಯು ಲಿಂಗವಂತರಲ್ಲಿ ಮಾತ್ರವೇ ಇರುವುದಲ್ಲ. ದಹನಸಂಸ್ಕಾರವುಳ್ಳ ಸಮಾಜಗಳಲ್ಲಿಯೂ ಸಂನ್ಯಾಸಿಗಳನ್ನು ಹೂಳುವ ವಾಡಿಕೆಯಿದೆ. ಉತ್ತರ ಕನ್ನಡದ ಭಟ್ಕಳ ತಾಲೂಕಿನ ಶಿರಾಲಿಯೇ ಇದಕ್ಕೆ ನಿದರ್ಶನವು. ಅಲ್ಲಿಯ ಚಿತ್ರಾಪುರ ಮಠದ ಸಾರಸ್ವತ ಗುರುಪರಂಪರೆಯ ಎರಡನೆಯವರಾದ ಶಂಕರಾಶ್ರಮ ಸ್ವಾಮಿಗಳು 1757ರಲ್ಲಿ ಅಲ್ಲಿಯೇ ಸಮಾಧಿಸ್ಥರಾದರು. ಆ ಸಮಾಧಿಸ್ಥಾನವೇ ಮಠದ ಕೇಂದ್ರವಾಗಿ ಬೆಳೆಯಿತು. ಆಗ ಆ ಕರಾವಳಿಯು ವೀರಶೈವರಾದ ಕೆಳದಿಯ ನಾಯಕರ ಆಳ್ವಿಕೆಯಲ್ಲಿದ್ದಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ ಆ ಪ್ರಭುತ್ವವು ಅಳಿಯಿತು. ರಾಜ್ಯವು ಹೋಯಿತು, ಸಮಾಧಿಯು ಉಳಿಯಿತು.

ಕ್ರಿಮಿಕೀಟಗಳಿಗೂ ಮೃತಕಾಯಕ್ಕೂ ಇರುವ ಸಂಬಂಧವನ್ನು ಮನುಷ್ಯನು ಬಹುಕಾಲದಿಂದ ಗಮನಿಸಿರುವನು. ಚೀನಾ ದೇಶದ ಸುಂಗ್ ತ್ಸು ಎಂಬ ನ್ಯಾಯಾಧಿಕಾರಿಯು 1247ರಲ್ಲಿ ಬರೆದ ಗ್ರಂಥದಲ್ಲಿ ಒಂದು ಕೊಲೆಯ ಪ್ರಸಂಗವಿದೆ. ಊರವರ ಕುಡುಗೋಲುಗಳನ್ನೆಲ್ಲ ಬಿಸಿಲಿನಲ್ಲಿಡಿಸಲು, ಒಂದರ ಮೇಲೆ ಮಾತ್ರ ನೊಣಗಳು ಮುತ್ತಿದವು. ತೊಳೆದರೂ ಉಳಿದ ರಕ್ತದ ವಾಸನೆಯು ಅಪರಾಧಿಯನ್ನು ತೋರಿಸಿಕೊಟ್ಟಿತು. ಹುಳುಗಳು ಮಾಂಸದಿಂದ ತಾವಾಗಿಯೇ ಹುಟ್ಟುವವೆಂಬ ಹಳೆಯ ಭ್ರಾಂತಿಯನ್ನು ಇಟಲಿಯ ರೆಡಿ ಎಂಬಾತನು 1668ರಲ್ಲಿ ಖಂಡಿಸಿದನು. ಬಟ್ಟೆ ಮುಚ್ಚಿದ ಪಾತ್ರೆಯ ಮಾಂಸದಲ್ಲಿ ಹುಳು ಕಾಣಲಿಲ್ಲ. ನೊಣವು ಮೊಟ್ಟೆಯಿಟ್ಟ ಮಾಂಸದಲ್ಲಿಯೇ ಹುಳುವು ಕಂಡಿತು. 1894ರಲ್ಲಿ ಫ್ರಾನ್ಸಿನ ಮೆನ್ಯಾಂ ಎಂಬ ವಿದ್ವಾಂಸನು, ಬಯಲಿನಲ್ಲಿ ಬಿದ್ದ ಶವಕ್ಕೆ ಕೀಟಗಳು ಎಂಟು ತಂಡಗಳಾಗಿ ಕ್ರಮವಾಗಿ ಬರುವುವೆಂದು ವಿವರಿಸಿದನು. ಅಮೇರಿಕದ ಮಾಟರ್ ಎಂಬಾತನು 150 ಸಮಾಧಿಗಳಿಂದ ತೆಗೆದ ದೇಹಾವಶೇಷಗಳಲ್ಲಿಯ ಜೀವಿಗಳನ್ನು ಪರೀಕ್ಷಿಸಿ 1898ರಲ್ಲಿ ಪ್ರಕಟಿಸಿದನು.

ಈ ಪರಿಶೋಧನೆಗಳಿಂದ ತಿಳಿದುಬರುವುದಿಷ್ಟು: ಬಯಲಿನಲ್ಲಿ ಮೊದಲು ಬರುವ ನೀಲಿ, ಹಸಿರು ಮಾಂಸನೊಣಗಳಿಗೆ ಆಳದ ಮಣ್ಣು ದೊಡ್ಡ ಅಡ್ಡಿ. ಅಲ್ಲಿ ಗಾಳಿಯೂ ಕಾವೂ ಕಡಿಮೆ. ಆದರೂ ಮಣ್ಣಿನ ಸಂದುಗಳಲ್ಲಿ ನುಸುಳಿ ಆಳದವರೆಗೆ ಇಳಿಯುವ ಸಣ್ಣ ನೊಣಗಳುಂಟು. ಅವುಗಳಿಲ್ಲದಿದ್ದರೂ ದೇಹದೊಳಗೆ ಮೊದಲಿನಿಂದಲೇ ಇರುವ ಸೂಕ್ಷ್ಮಾಣುಗಳು ತಮ್ಮ ಕೆಲಸವನ್ನು ನಡೆಸುವುವು. ಗಾಳಿಯಲ್ಲಿ ಒಂದು ವಾರದಲ್ಲಿ ಆಗುವ ವಿಕಾರವು ನೆಲದೊಳಗೆ ಎಂಟು ವಾರಗಳಲ್ಲಿ ಆಗುವುದೆಂದು ಜರ್ಮನಿಯ ಕ್ಯಾಸ್ಪರ್ ಎಂಬ ವೈದ್ಯನು ಸ್ಥೂಲವಾಗಿ ಲೆಕ್ಕ ಹಾಕಿದ್ದನು. ಉಪ್ಪು ತೇವವನ್ನು ಹೀರುವುದು. ವಿಭೂತಿಯು ಒಣಗಿದ ಕ್ಷಾರಭಸ್ಮವು. ಇವು ಕ್ರಿಯೆಯನ್ನು ನಿಧಾನಗೊಳಿಸಬಲ್ಲವೇ ಹೊರತು ನಿಲ್ಲಿಸಲಾರವು.

ನೆಲದ ಗುಣವೂ ಇದರಲ್ಲಿ ಮುಖ್ಯವು. ಶಿರಾಲಿಯ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದು. ಕರಾವಳಿಯ ಚಿರೆಕಲ್ಲಿನ ಮಣ್ಣು ಆಮ್ಲಗುಣವುಳ್ಳದ್ದು. ಇಂಥ ನೆಲದಲ್ಲಿ ಕಾಲಾಂತರದಲ್ಲಿ ಎಲುಬೂ ಕರಗುವುದು. ಬಯಲುಸೀಮೆಯ ಒಣ ನೆಲದಲ್ಲಿ ಎಲುಬು ಹೆಚ್ಚು ಕಾಲ ನಿಲ್ಲಬಹುದು. ಗಾಳಿಯಿಲ್ಲದ ಒದ್ದೆ ನೆಲದಲ್ಲಿ ಕೆಲವು ವೇಳೆ ದೇಹದ ಕೊಬ್ಬು ಮೇಣದಂತಾಗಿ ಆಕಾರವು ಬಹುಕಾಲ ಉಳಿಯುವುದುಂಟು. 1786ರ ಸುಮಾರಿಗೆ ಪ್ಯಾರಿಸ್ ನಗರದ ಒಂದು ಹಳೆಯ ಸ್ಮಶಾನವನ್ನು ತೆರವು ಮಾಡುವಾಗ ಇಂಥವು ಅನೇಕವಾಗಿ ದೊರೆತವು. ಅವರೆಲ್ಲರೂ ಸಾಮಾನ್ಯ ಜನರೇ ಆಗಿದ್ದರು. ಆದುದರಿಂದ ಕಾಯವು ಉಳಿಯುವುದು ಮಹಿಮೆಯ ಕುರುಹಲ್ಲ. ಅಳಿಯುವುದು ಕುಂದೂ ಅಲ್ಲ.

ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿಗಳೆಂಬ ಪಂಚಸೂತಕಗಳನ್ನು ಅಲ್ಲಗಳೆದರು. ಮರಣಕ್ಕೇ ಸೂತಕವಿಲ್ಲದ ಮೇಲೆ, ಮರಣದ ತರುವಾಯ ಮಣ್ಣಿನಲ್ಲಿ ದುಡಿಯುವ ಅಲ್ಪಜೀವಿಗೆ ಸೂತಕವೆಲ್ಲಿಯದು? ಗುಂಡಿ ತೋಡುವವನ ಕಾಯಕಕ್ಕೆ ಮೈಲಿಗೆಯೆಲ್ಲಿಯದು? ಆ ಜೀವಿಗಳು ಪಡೆದುದನ್ನು ಮರಳಿ ಮಣ್ಣಿಗೆ ಸಲ್ಲಿಸುವುವು. ಅದು ಬೇರಿಗೆ ಸಾರವಾಗಿ, ಬಿಲ್ವವೃಕ್ಷದಲ್ಲಿ ಪತ್ರೆಯಾಗಿ ಪೂಜೆಗೆ ಒದಗುವುದು. ಗದ್ದುಗೆಯ ಮುಂದೆ ಬಾಗುವ ಭಕ್ತನು ನಮಿಸುವುದು ಮಣ್ಣೊಳಗಿನ ಎಲುಬಿಗಲ್ಲ, ಅಲ್ಲಿ ನೆಲೆಗೊಂಡ ಅರಿವಿಗೆ ಮತ್ತು ಆಚಾರಕ್ಕೆ. ಅದನ್ನು ಯಾವ ಹುಳುವೂ ಮುಟ್ಟಲಾರದು. ಭಕ್ತರ ಮರೆವು ಮಾತ್ರ ಅದನ್ನು ಕೆಡಿಸಬಲ್ಲುದು.