ಟ್ಯಾಬ್ ಆಳಿದ ಆ್ಯಡ್-ಆನ್‌ಗಳು

ಒಂದೇ ವಿಂಡೋದಲ್ಲಿ ಹಲವು ಜಾಲಪುಟಗಳನ್ನು ತೆರೆದಿಡುವ ಟ್ಯಾಬ್‌ಗಳು 1994ರಷ್ಟು ಹಿಂದೆಯೇ ಬುಕ್‌ಲಿಂಕ್ ಕಂಪನಿಯ ‘ಇಂಟರ್‌ನೆಟ್‌ವರ್ಕ್ಸ್’ ಬ್ರೌಸರ್‌ನಲ್ಲಿದ್ದವು. ಆ ಬ್ರೌಸರ್ ಹೆಚ್ಚು ಕಾಲ ಬಾಳಲಿಲ್ಲ. ದಶಕದ ಕೊನೆಗೆ ‘ನೆಟ್‌ಕ್ಯಾಪ್ಟರ್’ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಎಂಜಿನ್ ಮೇಲೆಯೇ ಟ್ಯಾಬ್‌ಗಳ ಸಾಲನ್ನು ಕೂರಿಸಿತು. ಮೊಜಿಲ್ಲಾ ಬ್ರೌಸರ್‌ನಲ್ಲಿ ಈ ಸೌಲಭ್ಯ ಮೊದಲು ಕಾಣಿಸಿದ್ದು ‘ಮಲ್ಟಿಝಿಲ್ಲಾ’ ಎಂಬ ಆ್ಯಡ್-ಆನ್‌ನಲ್ಲಿ, ಅಂದರೆ ಬ್ರೌಸರ್‌ಗೆ ಹೊರಗಿನಿಂದ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶದಲ್ಲಿ. 2001ರಲ್ಲಿ ಆ ಸೌಲಭ್ಯ ಮೂಲ ಬ್ರೌಸರ್‌ಗೇ ಸೇರಿತು. ಟ್ಯಾಬ್‌ಗೂ ಆ್ಯಡ್-ಆನ್‌ಗೂ ಇರುವ ನಂಟು ಅಷ್ಟು ಹಳೆಯದು.

2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಹೊರಬಂದಾಗ ಟ್ಯಾಬ್‌ಗಳ ಬಗ್ಗೆ ಬಳಕೆದಾರರಿಗೆ ಕೊಟ್ಟ ಆಯ್ಕೆಗಳು ಬಹಳ ಕಡಿಮೆ. ಬ್ರೌಸರ್ ಹಗುರವಾಗಿರಬೇಕು, ಹೆಚ್ಚು ಬೇಕೆನ್ನುವವರು ಆ್ಯಡ್-ಆನ್ ಹಾಕಿಕೊಳ್ಳಲಿ ಎಂಬುದು ಅದನ್ನು ಕಟ್ಟಿದವರ ನಿಲುವು. ಈ ನಿಲುವಿಗೆ ಬಲ ಕೊಟ್ಟದ್ದು ಅದರ ಒಳರಚನೆ. ಫೈರ್‌ಫಾಕ್ಸ್‌ನ ಮೆನು, ಗುಂಡಿ, ಟ್ಯಾಬ್‌ಪಟ್ಟಿ ಎಲ್ಲವನ್ನೂ ‘ಝೂಲ್’ ಎಂಬ ಭಾಷೆಯಲ್ಲಿ ವಿವರಿಸಿ, ಜಾವಾಸ್ಕ್ರಿಪ್ಟ್‌ನಲ್ಲಿ ನಡೆಸಲಾಗುತ್ತಿತ್ತು. ಆ್ಯಡ್-ಆನ್ ಇದರ ಮೇಲೆ ತನ್ನದೊಂದು ಪದರ ಹಾಸಬಹುದಿತ್ತು, ಬೇಕಿದ್ದರೆ ಬ್ರೌಸರ್‌ನದೇ ಫಂಕ್ಷನ್ ತೆಗೆದು ತನ್ನದನ್ನು ಇಡಬಹುದಿತ್ತು. ಬ್ರೌಸರ್‌ಗಿದ್ದ ಅಧಿಕಾರವೆಲ್ಲ ಆ್ಯಡ್-ಆನ್‌ಗೂ ಇತ್ತು. ಮುಂದೆ ಬಂದ ಶಕ್ತಿಗೂ ಗೊಂದಲಕ್ಕೂ ಮೂಲ ಇದೊಂದೇ.

ಜಪಾನಿನ ‘ಪಿರೋ’ ಎಂಬ ಹೆಸರಿನ ಪ್ರೋಗ್ರಾಮರ್ ಬರೆದ ‘ಟ್ಯಾಬ್‌ಬ್ರೌಸರ್ ಎಕ್ಸ್‌ಟೆನ್ಷನ್ಸ್’ ಈ ಸ್ವಾತಂತ್ರ್ಯವನ್ನು ಕೊನೆಯ ಅಂಚಿನವರೆಗೆ ಬಳಸಿತು. ಅದು ಮಾಡದ ಕೆಲಸವಿರಲಿಲ್ಲ. ಇತರ ಆ್ಯಡ್-ಆನ್‌ಗಳೊಡನೆ ಅದು ಜಗಳಕ್ಕಿಳಿಯುತ್ತದೆ ಎಂಬ ಅಪಖ್ಯಾತಿಯೂ ಹಬ್ಬಿತು. ಪಿರೋ ಮುಂದೆ ಅದನ್ನು ಒಡೆದು ಚಿಕ್ಕ ಚಿಕ್ಕ ಆ್ಯಡ್-ಆನ್‌ಗಳನ್ನಾಗಿ ಮಾಡಿದರು. ಟ್ಯಾಬ್‌ಗಳನ್ನು ಪಕ್ಕದ ಪಟ್ಟಿಯಲ್ಲಿ ಮರದ ಕೊಂಬೆಗಳಂತೆ ಜೋಡಿಸುವ ‘ಟ್ರೀ ಸ್ಟೈಲ್ ಟ್ಯಾಬ್’ 2007ರಲ್ಲಿ ಬಂತು.

ಆ್ಯಡ್-ಆನ್ ಒಂದರ ಸೆಟ್ಟಿಂಗ್ ಪುಟವೇ ಕಲಿಯಬೇಕಾದ ವಿದ್ಯೆಯಾದದ್ದು ಮಾತ್ರ ‘ಟ್ಯಾಬ್ ಮಿಕ್ಸ್ ಪ್ಲಸ್’ ಕಾಲದಲ್ಲಿ. ಅದರ ಆಯ್ಕೆಗಳ ವಿಂಡೋದಲ್ಲಿ ಕೊಂಡಿ, ಘಟನೆ, ನೋಟ, ಮೌಸ್, ಮೆನು, ಸೆಷನ್ ಎಂಬ ವಿಭಾಗಗಳಿದ್ದವು. ಹಲವು ವಿಭಾಗಗಳ ಒಳಗೆ ಮತ್ತೆ ಉಪವಿಭಾಗಗಳು. ಟ್ಯಾಬ್ ನಿರ್ವಹಿಸುವ ಸಾಧನದ ಸೆಟ್ಟಿಂಗ್‌ಗಳೇ ಟ್ಯಾಬ್‌ಗಳೊಳಗಿನ ಟ್ಯಾಬ್‌ಗಳಾಗಿ ಹರಡಿಕೊಂಡಿದ್ದವು. ಹೊಸ ಟ್ಯಾಬ್ ಪಟ್ಟಿಯ ಕೊನೆಗೆ ಸೇರಬೇಕೋ ಈಗಿನದರ ಪಕ್ಕಕ್ಕೋ, ಒಂದನ್ನು ಮುಚ್ಚಿದರೆ ಗಮನ ಎಡಕ್ಕೆ ಹೋಗಬೇಕೋ ಬಲಕ್ಕೋ, ಟ್ಯಾಬ್‌ಪಟ್ಟಿ ಒಂದೇ ಸಾಲಿನಲ್ಲಿ ಸರಿಯಬೇಕೋ ಹಲವು ಸಾಲುಗಳಾಗಿ ಕೆಳಗಿಳಿಯಬೇಕೋ, ಎಲ್ಲವನ್ನೂ ಬಳಕೆದಾರರೇ ತೀರ್ಮಾನಿಸಬಹುದಿತ್ತು. ಟ್ಯಾಬ್ ಮೇಲೆ ಜೋಡಿ ಕ್ಲಿಕ್ ಮಾಡಿದರೆ ಏನಾಗಬೇಕು, ನಡುಗುಂಡಿ ಒತ್ತಿದರೆ ಏನಾಗಬೇಕು, ಕಂಟ್ರೋಲ್ ಅಥವಾ ಶಿಫ್ಟ್ ಹಿಡಿದು ಕ್ಲಿಕ್ಕಿಸಿದರೆ ಏನು ಎಂಬುದಕ್ಕೂ ಬೇರೆ ಬೇರೆ ಆಯ್ಕೆ.

ಹೊಸಬರು ಎಡವುತ್ತಿದ್ದ ಜಾಗಗಳು ಮುಖ್ಯವಾಗಿ ಎರಡು. ಮೊದಲನೆಯದು ‘ಪ್ರೊಟೆಕ್ಟ್’, ‘ಲಾಕ್’, ‘ಫ್ರೀಜ್’ ಎಂಬ ಮೂರು ಸ್ಥಿತಿಗಳು. ಪ್ರೊಟೆಕ್ಟ್ ಮಾಡಿದ ಟ್ಯಾಬನ್ನು ಮುಚ್ಚಲಾಗದು. ಲಾಕ್ ಮಾಡಿದ್ದನ್ನು ಮುಚ್ಚಬಹುದು, ಆದರೆ ಅದರಲ್ಲಿನ ಕೊಂಡಿಗಳು ಹೊಸ ಟ್ಯಾಬ್‌ನಲ್ಲೇ ತೆರೆಯುತ್ತವೆ. ಫ್ರೀಜ್ ಎಂದರೆ ಇವೆರಡೂ ಒಟ್ಟಿಗೆ. ಹೆಸರು ನೋಡಿ ಊಹಿಸಲು ಹೊರಟವರಿಗೆ ಲಾಕ್ ಮಾಡಿದ ಟ್ಯಾಬ್ ಸಲೀಸಾಗಿ ಮುಚ್ಚಿಹೋಗುವುದು ವಿಚಿತ್ರವಾಗಿ ಕಂಡರೆ ತಪ್ಪೇನಿಲ್ಲ. ಎರಡನೆಯದು ಸೆಷನ್. ತೆರೆದಿದ್ದ ಟ್ಯಾಬ್‌ಗಳನ್ನು ನೆನಪಿಟ್ಟು ಮರಳಿ ತರುವ ಸೌಲಭ್ಯ 2006ರ ಫೈರ್‌ಫಾಕ್ಸ್ 2ರಲ್ಲಿ ಬ್ರೌಸರ್‌ಗೇ ಬಂತು. ಟ್ಯಾಬ್ ಮಿಕ್ಸ್ ಪ್ಲಸ್‌ಗೂ ತನ್ನದೇ ಸೆಷನ್ ವ್ಯವಸ್ಥೆಯಿತ್ತು. ಹಾಗಾಗಿ ನೆನಪಿಡುವ ಹೊಣೆ ಯಾರದು ಎಂಬುದನ್ನು ಮೊದಲು ನಿರ್ಧರಿಸಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಇಷ್ಟೆಲ್ಲ ಹೊಂದಿಸಿದ ಮೇಲೆ ಸೆಟ್ಟಿಂಗ್‌ಗಳನ್ನು ಒಂದು ಕಡತಕ್ಕೆ ಉಳಿಸಿಕೊಂಡು ಬೇರೆ ಕಂಪ್ಯೂಟರ್‌ಗೆ ಒಯ್ಯಬಹುದಿತ್ತು. ಅನುಭವಿಗಳಿಗೆ ಬಹಳ ಬೆಲೆಯುಳ್ಳದ್ದಾಗಿದ್ದುದು ಬಹುಶಃ ಆ ಕಡತವೇ.

ಬ್ರೌಸರ್‌ನ ಒಳಗುಟ್ಟನ್ನೇ ನೆಚ್ಚಿದ ಆ್ಯಡ್-ಆನ್‌ಗಳು ಆ ಒಳಗು ಬದಲಾದಾಗಲೆಲ್ಲ ಮುರಿದು ಬೀಳುತ್ತಿದ್ದವು. 2011ರಲ್ಲಿ ಫೈರ್‌ಫಾಕ್ಸ್ ಆರು ವಾರಕ್ಕೊಂದು ಆವೃತ್ತಿ ತರತೊಡಗಿದ ಮೇಲೆ ಈ ತೊಂದರೆ ನಿತ್ಯದ್ದಾಯಿತು. ಜಾಲಪುಟಗಳನ್ನು ಬೇರೆ ಪ್ರೊಸೆಸ್‌ನಲ್ಲಿ ನಡೆಸುವ ಯೋಜನೆಗೂ ಹಳೆಯ ಆ್ಯಡ್-ಆನ್‌ಗಳು ಅಡ್ಡಬಂದವು. 2015ರ ಆಗಸ್ಟ್‌ನಲ್ಲಿ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಸಂಸ್ಥೆ ಝೂಲ್ ಆ್ಯಡ್-ಆನ್‌ಗಳನ್ನು ಕೈಬಿಡುವುದಾಗಿ ಸಾರಿತು; 2017ರ ನವೆಂಬರ್ 14ರ ಫೈರ್‌ಫಾಕ್ಸ್ 57ರಲ್ಲಿ ಅವುಗಳ ಬಾಗಿಲು ಮುಚ್ಚಿತು. ಬದಲಿಗೆ ಬಂದ ‘ವೆಬ್‌ಎಕ್ಸ್‌ಟೆನ್ಷನ್ಸ್’ ಪದ್ಧತಿಯಲ್ಲಿ ಆ್ಯಡ್-ಆನ್ ತನಗೆ ಅನುಮತಿಯಿರುವಷ್ಟನ್ನೇ ಕೇಳಿ ಪಡೆಯಬೇಕು. ಟ್ಯಾಬ್‌ಪಟ್ಟಿಯ ರೂಪವನ್ನೇ ತಿದ್ದುವ ಅನುಮತಿ ಅದರಲ್ಲಿಲ್ಲ. ಟ್ಯಾಬ್ ಮಿಕ್ಸ್ ಪ್ಲಸ್‌ನ ಬಹುಸಾಲು ಪಟ್ಟಿಗೆ ಆ ಚೌಕಟ್ಟಿನಲ್ಲಿ ಜಾಗವಿರಲಿಲ್ಲ. ಟ್ರೀ ಸ್ಟೈಲ್ ಟ್ಯಾಬನ್ನು ಪಿರೋ ಹೊಸದಾಗಿ ಬರೆದು ಉಳಿಸಿಕೊಂಡರು.

ಉಳಿದದ್ದರ ಸೆಟ್ಟಿಂಗ್ ಸರಳವಾಯಿತೇ ಎಂದರೆ, ಇಲ್ಲ. ಟ್ರೀ ಸ್ಟೈಲ್ ಟ್ಯಾಬ್‌ನ ಆಯ್ಕೆಗಳು ಅದರ ಪುಟದಲ್ಲೇ ಇದ್ದವು: ತಾಯಿ ಟ್ಯಾಬ್ ಮುಚ್ಚಿದಾಗ ಮರಿಗಳೆಲ್ಲ ಮುಚ್ಚಬೇಕೋ, ಮೊದಲ ಮರಿ ತಾಯಿಯ ಸ್ಥಾನಕ್ಕೇರಬೇಕೋ ಎಂಬಂಥವು. ಆದರೆ ಪಕ್ಕದಲ್ಲಿ ಮರ ಬಂದ ಮೇಲೂ ಮೇಲಿನ ಮಾಮೂಲಿ ಟ್ಯಾಬ್‌ಪಟ್ಟಿ ಹಾಗೇ ಉಳಿಯುತ್ತಿತ್ತು. ಅದನ್ನು ಮರೆಮಾಡಲು ಪ್ರೊಫೈಲ್ ಫೋಲ್ಡರ್ ಹುಡುಕಿ, ಅದರೊಳಗೆ ‘ಕ್ರೋಮ್’ ಎಂಬ ಫೋಲ್ಡರ್ ಮಾಡಿ (ಗೂಗಲ್‌ನ ಬ್ರೌಸರ್‌ಗೂ ಇದಕ್ಕೂ ಸಂಬಂಧವಿಲ್ಲ), ‘ಯೂಸರ್‌ಕ್ರೋಮ್’ ಎಂಬ ಸಿಎಸ್‌ಎಸ್ ಕಡತ ಬರೆದಿಡಬೇಕಿತ್ತು. 2019ರ ಫೈರ್‌ಫಾಕ್ಸ್ 69ರಿಂದ ಆ ಕಡತವನ್ನು ಬ್ರೌಸರ್ ತಾನಾಗಿ ಓದುವುದೂ ನಿಂತು, ‘ಅಬೌಟ್ ಕಾನ್ಫಿಗ್’ ಪುಟದಲ್ಲಿ ಇನ್ನೊಂದು ಕೀಲಿ ತಿರುಗಿಸುವುದು ಅನಿವಾರ್ಯವಾಯಿತು. ಹಿಂದೆ ಒಂದೇ ವಿಂಡೋದಲ್ಲಿ ಕಿಕ್ಕಿರಿದಿದ್ದ ಗೊಂದಲ ಮೂರು ಕಡೆಗೆ ಹಂಚಿಹೋಗಿತ್ತು.

ಬ್ರೌಸರ್‌ಗಳೂ ಈ ಕೆಲಸವನ್ನು ನಿಧಾನವಾಗಿ ತಮ್ಮ ಕೈಗೆ ತೆಗೆದುಕೊಂಡವು. ಫೈರ್‌ಫಾಕ್ಸ್ 2011ರಲ್ಲೇ ‘ಪನೋರಮಾ’ ಎಂಬ ಟ್ಯಾಬ್ ಗುಂಪುಗಳನ್ನು ಕೊಟ್ಟು, 2016ರಲ್ಲಿ ತೆಗೆದುಹಾಕಿತ್ತು. ಗೂಗಲ್‌ನ ಕ್ರೋಮ್ ಬ್ರೌಸರ್ 2020ರಲ್ಲಿ ಗುಂಪುಗಳನ್ನು ತಂದಿತು. 2025ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 136ಕ್ಕೆ ಲಂಬ ಟ್ಯಾಬ್‌ಪಟ್ಟಿ ಬಂತು, ಮುಂದಿನ ತಿಂಗಳು 138ರಲ್ಲಿ ಗುಂಪುಗಳು ಮರಳಿದವು. ಲಂಬ ಪಟ್ಟಿಯನ್ನು ಆರಿಸಿಕೊಂಡರೆ ಮೇಲಿನ ಸಾಲು ತಾನಾಗಿಯೇ ಮರೆಯಾಗುತ್ತದೆ. ಅದಕ್ಕಾಗಿ ಕಡತ ಬರೆಯಬೇಕಿಲ್ಲ.