ಬಿಸಿಲ ನಾಡಿನಲ್ಲಿ ಲಸಿಕೆ ಕಾಯ್ದ ಬಗೆ

ಬಿಸಿಲಿಗೆ ಸಿಕ್ಕು ಸತ್ತ ಲಸಿಕೆಗೂ ಜೀವಂತ ಲಸಿಕೆಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಎರಡೂ ಅದೇ ಸೀಸೆಯಲ್ಲಿರುತ್ತವೆ, ಅದೇ ಸೂಜಿಯಿಂದ ಮಗುವಿನ ಮೈ ಸೇರುತ್ತವೆ, ಮಗು ಎರಡಕ್ಕೂ ಒಂದೇ ಬಗೆಯಲ್ಲಿ ಅಳುತ್ತದೆ. ರಿಜಿಸ್ಟರಿನಲ್ಲಿ ಅದರ ಹೆಸರಿನ ಮುಂದೆ ಗುರುತು ಬೀಳುತ್ತದೆ, ತಾಯಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾಳೆ. ಏನು ತಪ್ಪಿತ್ತೆಂದು ತಿಳಿಯುವುದು ವರ್ಷಗಳ ಮೇಲೆ, ಊರಿಗೆ ರೋಗ ಬಂದಾಗ. ಆಸ್ಪತ್ರೆಗಳಲ್ಲಿ ಉಪಕರಣ ಕೈಕೊಡದಂತೆ ನೋಡಿಕೊಳ್ಳುವುದು ಹೇಗೆಂಬ ಮಾತು ಬಂದಾಗಲೆಲ್ಲ ನಾವು ಇನ್ನೂ ಒಳ್ಳೆಯ ಯಂತ್ರ, ಇನ್ನೂ ದೊಡ್ಡ ಜನರೇಟರ್ ಎಂದು ಯೋಚಿಸುತ್ತೇವೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸೀಮೆಗೆ ಲಸಿಕೆ ಬಂದು ನೆಲೆನಿಂತ ಚರಿತ್ರೆ ಬೇರೆ ಮಾತು ಹೇಳುತ್ತದೆ. ಕೆಡದ ಸಾಧನ ಇಲ್ಲಿಗೆ ಯಾವತ್ತೂ ಬರಲಿಲ್ಲ. ಮಕ್ಕಳನ್ನು ಉಳಿಸಿದ್ದು, ಕೆಟ್ಟದ್ದು ಕೆಟ್ಟಿದೆ ಎಂದು ಹೊತ್ತಿಗೆ ಮುಂಚೆ ತಿಳಿಯುವಂತೆ ಮಾಡಿದ ಪದ್ಧತಿಗಳು. ಆ ಪದ್ಧತಿಗಳು ಸಡಿಲವಾದ ಕಡೆ ಎಷ್ಟು ಒಳ್ಳೆಯ ಸಾಧನವಿದ್ದರೂ ಪ್ರಯೋಜನವಾಗಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಊರುಗಳೆಲ್ಲ ಮುಂಬೈ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. ಜಿಲ್ಲಾಕೇಂದ್ರ ಬಿಜಾಪುರಕ್ಕೆ ಹೋದದ್ದು 1880ರ ದಶಕದಲ್ಲಿ. 1884ರಲ್ಲಿ ಪ್ರಕಟವಾದ ಬಿಜಾಪುರ ಗೆಜೆಟಿಯರಿನಲ್ಲಿ ಮೈಲಿ ಹಾಕುವ, ಅಂದರೆ ಸಿಡುಬಿನ ಲಸಿಕೆ ಹಾಕುವ, ಕೆಲಸದ ಲೆಕ್ಕವೂ ಸೇರಿದೆ. ಆ ಕಾಲಕ್ಕೆ ಮೈಲಿಬೇನೆಯ ಲಸಿಕೆಗೆ ಉಗ್ರಾಣವೆಂದರೆ ಮಕ್ಕಳ ತೋಳೇ. ಒಂದು ಮಗುವಿಗೆ ಹಾಕಿದ ಎಂಟನೆಯ ದಿನ ಏಳುವ ಗುಳ್ಳೆಯಿಂದ ರಸ ತೆಗೆದು ಮುಂದಿನ ಮಗುವಿಗೆ ಹಾಕುವುದು, ಅದರಿಂದ ಇನ್ನೊಂದಕ್ಕೆ. ಹೀಗೆ ಸರಪಳಿ ಕಡಿಯದಂತೆ ಊರಿಂದೂರಿಗೆ ಸಾಗಬೇಕಿತ್ತು. ಗಾಜಿನ ತಗಡುಗಳ ನಡುವೆ ಒಣಗಿಸಿಟ್ಟ ರಸ ಅಥವಾ ಸಪೂರ ನಳಿಗೆಯಲ್ಲಿ ತುಂಬಿದ ರಸ ಬೇಸಗೆಯಲ್ಲಿ ಬೇಗ ನಿರ್ಜೀವವಾಗುತ್ತಿತ್ತು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಅದನ್ನು ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಅದಕ್ಕೇ ದೇಶದ ಬಹುಭಾಗದಲ್ಲಿ ಮಳೆ ನಿಂತ ಮೇಲಿಂದ ಬೇಸಗೆ ಬಲಿಯುವವರೆಗಿನ ತಿಂಗಳುಗಳಷ್ಟೇ ಮೈಲಿ ಹಾಕುವ ಕಾಲವಾಗಿದ್ದವು. ಈ ಪದ್ಧತಿಯಲ್ಲಿ ಇಂದು ನಾವು ಮರೆತಿರುವ ಒಂದು ಗುಣವಿತ್ತು: ಲಸಿಕೆ ಹಿಡಿಯಿತೋ ಇಲ್ಲವೋ ಎಂಬುದನ್ನು ತೋಳೇ ಹೇಳುತ್ತಿತ್ತು. ಎಂಟನೆಯ ದಿನ ಗುಳ್ಳೆ ಎದ್ದಿಲ್ಲವೆಂದರೆ ರಸ ಸತ್ತಿತ್ತು, ಇಲ್ಲವೇ ಹಾಕಿದ ಕೈ ತಪ್ಪಿತ್ತು. ಮುಂದಿನ ಮಕ್ಕಳಿಗೆ ರಸ ಬೇಕಾದ್ದರಿಂದ ಹಾಕಿದವನು ಮತ್ತೆ ಬಂದು ತೋಳು ನೋಡಲೇಬೇಕಿತ್ತು. ತನ್ನ ಸೋಲನ್ನು ತಾನೇ ನೋಡದೆ ಅವನ ಕೆಲಸ ಮುಂದೆ ಹೋಗುವಂತಿರಲಿಲ್ಲ.

ಇದನ್ನು ಹೇಳಿದರೆ ಹಳೆಯದನ್ನು ಹೊಗಳಿದಂತಾಯಿತೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ನ್ಯಾಯವಿದೆ. ತೋಳಿನಿಂದ ತೋಳಿಗೆ ರಸದ ಜೊತೆ ಬೇರೆ ರೋಗಗಳೂ ದಾಟುತ್ತಿದ್ದವು, ಉಪದಂಶದಂಥ ಭೀಕರ ರೋಗವೂ ದಾಟಿದ್ದುಂಟು. ಗುಳ್ಳೆ ಚುಚ್ಚಿ ರಸ ಹಿಂಡುವುದು ಮಗುವಿಗೆ ಹಿಂಸೆ. ಪರರ ಮೈಯ ರಸ ತಮ್ಮ ಮಕ್ಕಳ ಮೈಗೆ ಬೇಡವೆಂದು ತಂದೆತಾಯಂದಿರು ಹಿಂಜರಿದದ್ದಕ್ಕೆ ಜಾತಿಯ ಮಡಿಯೂ ಕಾರಣ, ಈ ಹಿಂಸೆಯೂ ಕಾರಣ. ಹಾಗಾಗಿ ಕರುವಿನ ಮೈಮೇಲೆ ಲಸಿಕೆ ಬೆಳೆಸಿ, ಅದನ್ನು ಗ್ಲಿಸರಿನ್‌ನಲ್ಲಿ ಕಲಸಿ ಕಳಿಸುವ ವಿಧಾನ ಬಂದದ್ದು ದೊಡ್ಡ ಉಪಕಾರವೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ತಲೆಯೆತ್ತಿದ, ಇಂದಿಗೂ ಜನ ವ್ಯಾಕ್ಸಿನ್ ಡಿಪೊ ಎಂದೇ ಕರೆಯುವ ಸಂಸ್ಥೆ ಈ ವಿಧಾನದ ಕೂಸು. ಆದರೆ ಲಸಿಕೆ ಒಂದೆಡೆ ತಯಾರಾಗಿ ಇನ್ನೊಂದೆಡೆ ಬಳಕೆಯಾಗತೊಡಗಿದ ಆ ಗಳಿಗೆಯಿಂದ ನಡುವಿನ ದಾರಿಯೇ ಸಮಸ್ಯೆಯಾಯಿತು. ಬೆಳಗಾವಿಯಿಂದ ಹುಬ್ಬಳ್ಳಿ, ಗದಗದ ಮೇಲೆ ಬಾದಾಮಿಗೆ, ಬಾಗಲಕೋಟೆಗೆ ರೈಲಿತ್ತು. ಹೊಟಗಿ-ಗದಗ ಮಾರ್ಗ 1884ರಲ್ಲೇ ತೆರೆದಿತ್ತು. ಹುನಗುಂದ, ಇಳಕಲ್ಲಿಗೆ ಅಂದೂ ರೈಲಿಲ್ಲ, ಇಂದೂ ಇಲ್ಲ. ನಿಲ್ದಾಣದಿಂದ ಆಚೆಗೆ ಎತ್ತಿನ ಗಾಡಿ ಅಥವಾ ಕಾಲುದಾರಿ, ಜೊತೆಗೆ ಬಿಸಿಲು. ದ್ರವರೂಪದ ಲಸಿಕೆ ಈ ಹವೆಯಲ್ಲಿ ಕೆಲವೇ ದಿನ ಬಾಳುತ್ತಿತ್ತು. ಬೆಳಗಾವಿಯಲ್ಲಿ ಎಷ್ಟು ಚೆನ್ನಾಗಿ ತಯಾರಾಗಿದ್ದರೂ ಇಳಕಲ್ಲಿನ ಮಗುವಿನ ಮಟ್ಟಿಗೆ ಲಸಿಕೆಯ ಗುಣವನ್ನು ತೀರ್ಮಾನಿಸುತ್ತಿದ್ದದ್ದು ಆ ಕೊನೆಯ ಹರದಾರಿಗಳೇ.

ಅದೇ ಕಾಲದಲ್ಲಿ ಪ್ಲೇಗು ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ, ಹಾಫ್ಕಿನ್ ಎಂಬ ವಿಜ್ಞಾನಿ ಮುಂಬೈಯಲ್ಲಿ ರೂಪಿಸಿದ ಪ್ಲೇಗಿನ ಲಸಿಕೆಯನ್ನು ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಕಿಸಿಕೊಂಡರು, ಅದರಿಂದ ಸಾವು ತಗ್ಗಿತೆಂಬುದು ಮುಂದೆ ಲಸಿಕೆಯ ಪರವಾಗಿ ದೊಡ್ಡ ಸಾಕ್ಷ್ಯವಾಯಿತು. ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಇದೇ ಲಸಿಕೆ ಹಾಕಿಸಿಕೊಂಡವರ ಪೈಕಿ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಮುಂಬೈಯ ಪ್ರಯೋಗಾಲಯದ್ದೆಂದು ಹಾಫ್ಕಿನ್ ಅವರನ್ನು ಕೆಲಸದಿಂದ ದೂರವಿಟ್ಟರು. ಸತ್ತ ಹತ್ತೊಂಬತ್ತು ಜನರಿಗೂ ಒಂದೇ ಸೀಸೆಯಿಂದ ಲಸಿಕೆ ಹೋಗಿತ್ತು, ಆ ಸೀಸೆಗೆ ಒಂದು ನಂಬರಿತ್ತು. ಸೀಸೆ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತೆಂಬ ಸಂಗತಿಯೂ ಹೊರಬಂತು. 1907ರ ಹೊತ್ತಿಗೆ ಹಾಫ್ಕಿನ್ ಅವರ ಮೇಲಿನ ಕಳಂಕ ತೊಳೆಯಿತು. ಸೀಸೆಯ ನಂಬರು, ಯಾವ ಸೀಸೆಯಿಂದ ಯಾರಿಗೆ ಹೋಯಿತೆಂಬ ಲೆಕ್ಕ, ಇವೆರಡೂ ಇಲ್ಲದಿದ್ದರೆ ಒಂದು ಸೀಸೆಯ ತಪ್ಪು ಇಡೀ ಲಸಿಕೆಯ ತಪ್ಪಾಗಿಯೇ ಉಳಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಗಳಿಸಿದ ಜನರ ನಂಬಿಕೆಯೂ ಅದರೊಂದಿಗೆ ಹೋಗುತ್ತಿತ್ತು. ಬರೆದಿಡುವುದು ಕಚೇರಿಯ ಕಾಟವೆಂದು ಅಂದುಕೊಳ್ಳುವವರು ಈ ಪ್ರಕರಣವನ್ನು ಒಮ್ಮೆ ಓದಬೇಕು.

ನನ್ನ ವಾದಕ್ಕೆ ಬಲವಾದ ಆಕ್ಷೇಪ ಬರುವುದು ಮೈಲಿಬೇನೆಯ ಕೊನೆಯ ಅಧ್ಯಾಯದಿಂದ. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲಿಸ್ಟರ್ ಸಂಸ್ಥೆಯಲ್ಲಿ ಲೆಸ್ಲಿ ಕೊಲಿಯರ್ ಶೈತ್ಯದಲ್ಲಿ ಒಣಗಿಸಿದ ಪುಡಿ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ವಿಧಾನ ಕಂಡುಕೊಂಡರು. ಅದು 37 ಡಿಗ್ರಿಯಲ್ಲೂ ಒಂದು ತಿಂಗಳು ಕೆಡದೆ ಉಳಿಯುತ್ತಿತ್ತು. ಭಾರತಕ್ಕೆ ಮೊದಲು ಸೋವಿಯತ್ ಒಕ್ಕೂಟ ಅದನ್ನು ಧಾರಾಳವಾಗಿ ಕೊಟ್ಟಿತು. ಮುಂದೆ ಪಟವಾಡಾಂಗರ್, ಗಿಂಡಿ, ಹೈದರಾಬಾದ್ ಮತ್ತು ನಮ್ಮ ಬೆಳಗಾವಿಯಲ್ಲಿ ಅದು ತಯಾರಾಯಿತು. 1956ರಲ್ಲಿ ಬಿಜಾಪುರ, ಬೆಳಗಾವಿ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು, ಬೆಳಗಾವಿಯ ಸಂಸ್ಥೆಯೂ ಜೊತೆಗೇ ಬಂದಿತ್ತು. 1965ರಲ್ಲಿ ರೂಪುಗೊಂಡ ಎರಡು ಮೊನೆಯ ಸೂಜಿ ಲಸಿಕೆ ಹಾಕುವುದನ್ನೇ ಸುಲಭ ಮಾಡಿತು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಪ್ರಕರಣ ಅಸ್ಸಾಮಿನಲ್ಲಿ ದಾಖಲಾಯಿತು. ಹಾಗಾದರೆ ಗೆದ್ದದ್ದು ಒಳ್ಳೆಯ ಸಾಧನವೇ ತಾನೆ? ಅರ್ಧ ಹೌದು. ಬೇಸಗೆಯ ಹುನಗುಂದದಲ್ಲಿ ದ್ರವ ಲಸಿಕೆಯಿಂದ ಆಗದ್ದು ಪುಡಿ ಲಸಿಕೆಯಿಂದ ಆಗುವಂತಾಯಿತೆಂಬುದನ್ನು ಅಲ್ಲಗಳೆಯಲಾರೆ. ಆದರೆ ಪುಡಿಯನ್ನು ದ್ರವದಲ್ಲಿ ಕಲಸಿದ ಮರುಕ್ಷಣ ಅದು ಮತ್ತೆ ಬಿಸಿಲಿಗೆ ಅಂಜುವ ಲಸಿಕೆಯೇ. ಅಂದು ಕಲಸಿ ಉಳಿದದ್ದನ್ನು ಅಂದೇ ಚೆಲ್ಲಬೇಕಿತ್ತು. ಮುಳ್ಳುಮುಳ್ಳಿನ ಬಿಲ್ಲೆಯನ್ನು ತೋಳಿಗೆ ಒತ್ತಿ ತಿರುಗಿಸುವ ಹಳೆಯ ಸಾಧನ ಹೊಸ ಲಸಿಕೆಯೊಂದಿಗೂ ಬಹುಕಾಲ ನಡೆದೇ ಇತ್ತು. 1962ರಲ್ಲಿ ಶುರುವಾದ ರಾಷ್ಟ್ರೀಯ ಮೈಲಿಬೇನೆ ನಿರ್ಮೂಲನ ಕಾರ್ಯಕ್ರಮದ ವರದಿಗಳಲ್ಲಿ ಲಸಿಕೆಯ ಸಂಖ್ಯೆ ಕೋಟಿಗಟ್ಟಲೆ ಏರಿದರೂ ರೋಗ ತೊಲಗಲಿಲ್ಲ. ಸುಲಭವಾಗಿ ಸಿಗುವ ಶಾಲೆಯ ಮಕ್ಕಳಿಗೇ ಮತ್ತೆಮತ್ತೆ ಹಾಕಿ ಲೆಕ್ಕ ತುಂಬಿಸುವುದು ನಡೆದಿತ್ತು. ನಿಜ ಬಯಲಾದದ್ದು ಬೇರೆ ತಂಡಗಳು ಮನೆಮನೆಗೆ ಹೋಗಿ ತೋಳಿನ ಕಲೆ ಎಣಿಸಿದಾಗ. ಎಂಟನೆಯ ದಿನ ತೋಳು ನೋಡುವ ಹಳೆಯ ರೂಢಿಯೇ ಇಲ್ಲಿ ಇನ್ನೊಂದು ರೂಪದಲ್ಲಿ ಮರಳಿತ್ತು.

ಆಮೇಲೆ ಬಂದ ಬಹುತೇಕ ಲಸಿಕೆಗಳು ತೋಳಿನ ಮೇಲೆ ಗುರುತು ಬಿಡುವುದಿಲ್ಲ. ಕ್ಷಯದ ಬಿಸಿಜಿ ಒಂದು ಅಪವಾದ. 1978ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮ, 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾಗಿ ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರಗಳ ಲಸಿಕೆ ಹಳ್ಳಿಹಳ್ಳಿಗೆ ಹೊರಟಾಗ ಮೈ ಸಾಕ್ಷಿ ಹೇಳುವುದು ನಿಂತಿತು. ಸಾಕ್ಷಿ ಹೇಳಬೇಕಾದ್ದು ಇನ್ನು ಪೆಟ್ಟಿಗೆ ಮತ್ತು ಪುಸ್ತಕ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಐಎಲ್ಆರ್ ಎಂಬ ತಂಪುಪೆಟ್ಟಿಗೆ ಬಂತು. ಒಳಗೋಡೆಯ ಸುತ್ತ ಮಂಜುಗಡ್ಡೆ ಕಟ್ಟಿಕೊಂಡು ದಿನಕ್ಕೆ ಎಂಟು ತಾಸು ಕರೆಂಟು ಸಿಕ್ಕರೂ ತಂಪನ್ನು ಹಿಡಿದಿಡುವಂತೆ ಮಾಡಿದ ಪೆಟ್ಟಿಗೆ ಅದು. ಕರೆಂಟು ಬಂದುಹೋಗುವ ಹಳ್ಳಿಗಳಿಗೆ ಇದಕ್ಕಿಂತ ತಕ್ಕ ಸಾಧನ ಇರಲಿಲ್ಲ. ಆದರೂ ಈ ಪೆಟ್ಟಿಗೆ ಹೊಸದೊಂದು ಅಪಾಯ ತಂದಿತು. ತಳದಲ್ಲಿ ಚಳಿ ಹೆಚ್ಚು. ಡಿಪಿಟಿ, ಹೆಪಟೈಟಿಸ್-ಬಿ ಲಸಿಕೆಗಳನ್ನು ಅಲ್ಲಿಟ್ಟರೆ ಹೆಪ್ಪುಗಟ್ಟಿ ಸಾಯುತ್ತವೆ. ಬಿಸಿಲನ್ನೇ ಶತ್ರುವೆಂದು ತಿಳಿದ ಸೀಮೆಯಲ್ಲಿ ಚಳಿಯಿಂದಲೂ ಲಸಿಕೆ ಸಾಯುತ್ತದೆಂದು ನಂಬಿಸುವುದು ಸುಲಭದ ಕೆಲಸವಲ್ಲ. ಅದಕ್ಕೇ ಲಸಿಕೆಯನ್ನು ಬುಟ್ಟಿಯಲ್ಲೇ ಇಡಬೇಕೆಂಬ ನಿಯಮ ಬಂತು. ಬೆಳಿಗ್ಗೆ ಸಂಜೆ ಎರಡು ಹೊತ್ತು ಒಳಗಿನ ಉಷ್ಣಮಾಪಕ ನೋಡಿ 2ರಿಂದ 8 ಡಿಗ್ರಿಯೊಳಗಿದೆಯೇ ಎಂದು ಬರೆಯುವ ರೂಢಿ ಬಂತು. ಸಂಶಯ ಬಂದ ಸೀಸೆಯನ್ನು ಅಲುಗಾಡಿಸಿ ನೋಡುವ ಪರೀಕ್ಷೆಯೂ ಬಂತು: ಒಮ್ಮೆ ಹೆಪ್ಪುಗಟ್ಟಿ ಕರಗಿದ ಲಸಿಕೆ ಒಡೆದ ಹಾಲಿನಂತೆ ಬೇಗ ತಳಕ್ಕಿಳಿಯುತ್ತದೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ, ಆದರೆ ಪ್ರತಿಯೊಂದಕ್ಕೂ ಒಬ್ಬ ಮನುಷ್ಯ ಬೇಕು.

ಆ ಮನುಷ್ಯನೇ ಸುಳ್ಳು ಬರೆದರೆ? ಇದು ಎರಡನೆಯ ಗಟ್ಟಿ ಆಕ್ಷೇಪ, ಮತ್ತು ಸುಳ್ಳು ಲೆಕ್ಕದ ಚರಿತ್ರೆಯನ್ನು ಈಗಷ್ಟೇ ನೋಡಿದೆವು. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಎಲ್ಲ ದಿನಕ್ಕೂ 4 ಡಿಗ್ರಿ ಎಂದು ತುಂಬಿಟ್ಟರೆ ಪುಸ್ತಕದಿಂದ ಲಸಿಕೆಗೆ ಯಾವ ರಕ್ಷಣೆಯೂ ಇಲ್ಲ. ಇದಕ್ಕೆ ಎರಡು ಉತ್ತರ ಹುಟ್ಟಿದವು. ಒಂದು, ಸೀಸೆಯೇ ಸಾಕ್ಷಿ ಹೇಳುವಂತೆ ಮಾಡುವುದು: 1996ರಿಂದ ಪೋಲಿಯೊ ಲಸಿಕೆಯ ಸೀಸೆಗೆ ಒಂದು ವೃತ್ತ, ಅದರೊಳಗೆ ಒಂದು ಚೌಕವಿರುವ ಗುರುತು ಅಂಟಿಸತೊಡಗಿದರು. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ, ವೃತ್ತದಷ್ಟು ಕಪ್ಪಾದರೆ ಸೀಸೆಯನ್ನು ಬಳಸುವಂತಿಲ್ಲ. ಅಕ್ಷರ ಬಾರದ ತಾಯಿಯೂ ಅದನ್ನು ಓದಬಲ್ಲಳು. ಈ ನೂರೈವತ್ತು ವರ್ಷಗಳಲ್ಲಿ ಬಂದ ಸಾಧನಗಳಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವುದು ಈ ಚಿಕ್ಕ ಗುರುತೇ, ಏಕೆಂದರೆ ಅದು ತನ್ನ ಸೋಲನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಉತ್ತರ 2015ರಲ್ಲಿ ದೇಶದಲ್ಲಿ ಶುರುವಾಗಿ ಮುಂದೆ ಕರ್ನಾಟಕಕ್ಕೂ ಬಂದ ಇ-ವಿನ್ ವ್ಯವಸ್ಥೆ: ಪೆಟ್ಟಿಗೆಯೊಳಗಿನ ಸಂವೇದಕ ತಾನೇ ಉಷ್ಣತೆ ದಾಖಲಿಸಿ, ಮಿತಿ ಮೀರಿದರೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಒಳ್ಳೆಯದೇ. ಆದರೆ ಆ ಸಂದೇಶ ಯಾರ ಮೊಬೈಲಿಗೆ ಹೋಗುತ್ತದೆ, ಅವರು ರಜೆಯಲ್ಲಿದ್ದರೆ ಯಾರಿಗೆ ಹೋಗುತ್ತದೆ, ರಾತ್ರಿ ಎರಡು ಗಂಟೆಗೆ ಕೇಂದ್ರದ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ಸಂವೇದಕ ತೀರ್ಮಾನಿಸಲಾರದು.

ಈ ಮಾತುಗಳು ಹಳೆಯ ಕಾಲಕ್ಕೆ ಮಾತ್ರ ಸಲ್ಲುವುವಲ್ಲ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಬಂದಾಗ ಉತ್ತರ ಕರ್ನಾಟಕದ ಪಾಲು ಇಳಿದದ್ದು ಬೆಳಗಾವಿಯ ಅದೇ ವ್ಯಾಕ್ಸಿನ್ ಡಿಪೊದಲ್ಲಿ. ರಾಜ್ಯದ ಐದು ಪ್ರಾದೇಶಿಕ ಲಸಿಕಾ ಉಗ್ರಾಣಗಳಲ್ಲಿ ಬಾಗಲಕೋಟೆಯದೂ ಒಂದು. 1997ರವರೆಗೆ ಬಿಜಾಪುರ ಜಿಲ್ಲೆಯ ಒಂದು ತಾಲ್ಲೂಕಾಗಿದ್ದ ಊರಿಗೆ ಇದು ಸಣ್ಣ ಬದಲಾವಣೆಯಲ್ಲ. ಹಳೆಯ ದಾರಿ, ಹಳೆಯ ಬಿಸಿಲು, ಆದರೆ ಪ್ರತಿ ಹಂತದಲ್ಲೂ ತಂಪು ಅಳೆಯುವ ಕೈಗಳಿದ್ದವು. ಒಂದೇ ವರ್ಷದ ಮೇಲೆ, 2022ರ ಜನವರಿಯಲ್ಲಿ, ಬಾದಾಮಿಗೆ ಹೊಂದಿಕೊಂಡ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಎಲ್ಲಿ, ಹೇಗೆ ಇಟ್ಟಿದ್ದರು ಎಂಬುದೇ ಮೊದಲ ವಿಚಾರಣೆಯ ಮುಖ್ಯ ಪ್ರಶ್ನೆಯಾಯಿತು. ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ, ಕಲಸಿದ ನಾಲ್ಕು ತಾಸಿನೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಮೀರಿದರೆ ಅದರಲ್ಲಿ ರೋಗಾಣು ಬೆಳೆದು ವಿಷವಾಗಬಹುದು. ಇಂಥ ಸಾವಿನ ನಂತರ ಕೆಳಗಿನ ಸಿಬ್ಬಂದಿಯನ್ನು ಅಮಾನತು ಮಾಡುವುದು ನಮ್ಮಲ್ಲಿ ರೂಢಿ. ಚೆಲ್ಲಿದ ಸೀಸೆಗೆ ವಿವರಣೆ ಕೇಳುವ, ಉಳಿಸಿದ ಸೀಸೆಯನ್ನು ಮೆಚ್ಚುವ ಮೇಲಿನ ಕಚೇರಿಗಳಿಗೂ ಈ ತಪ್ಪಿನಲ್ಲಿ ಪಾಲಿದೆಯೆಂದು ನಾನು ನಂಬುತ್ತೇನೆ. ಚೆಲ್ಲುವುದನ್ನು ಅಪರಾಧವೆಂದು ಕಾಣುವ ಕಡೆ ಯಾರೂ ಧೈರ್ಯದಿಂದ ಚೆಲ್ಲುವುದಿಲ್ಲ.

ಕೆಟ್ಟದ್ದು ಹೊತ್ತಿಗೆ ಮುಂಚೆ ತಿಳಿಯುತ್ತದೆಯೇ ಎಂಬ ಇದೇ ಅಳತೆಗೋಲನ್ನು ಇಂದಿನ ಆಸ್ಪತ್ರೆಯ ಕಂಪ್ಯೂಟರಿಗೂ ಹಿಡಿಯಬೇಕಾಗಿದೆ. ಬಾಗಲಕೋಟೆಯ ನವನಗರದ ದೊಡ್ಡ ಆಸ್ಪತ್ರೆಯಿರಲಿ, ಇಳಕಲ್ಲಿನ ಒಂಟಿ ವೈದ್ಯರ ಕ್ಲಿನಿಕ್ಕಿರಲಿ, ರೋಗಿಯ ವಿವರ, ರಕ್ತಪರೀಕ್ಷೆಯ ಫಲಿತಾಂಶ, ಮಗುವಿನ ಲಸಿಕೆಯ ದಾಖಲೆ ಎಲ್ಲವೂ ಪರದೆಗೆ ಹೋಗುತ್ತಿವೆ. ದಾಖಲೆಯ ಪ್ರತಿ ತೆಗೆದಿಟ್ಟಿದ್ದೇವೆ ಎನ್ನುತ್ತಾರೆ. ಆ ಪ್ರತಿಯನ್ನು ತೆರೆದು ಒಬ್ಬ ರೋಗಿಯ ಚೀಟಿಯನ್ನಾದರೂ ಮರಳಿ ಪಡೆದು ನೋಡಿದ್ದೀರಾ ಎಂದು ಕೇಳಿದರೆ ಉತ್ತರ ಬಾರದ ಕಡೆ, ಅದು ಸತ್ತ ಲಸಿಕೆಯ ಸೀಸೆಯೇ ಆಗಿರಬಹುದು. ಜನರೇಟರ್ ಇದೆ, ಆದರೆ ವಾರಕ್ಕೊಮ್ಮೆ ಮೇನ್ ಸ್ವಿಚ್ ತೆಗೆದು ಅದನ್ನು ಓಡಿಸಿ ನೋಡುವವರು ಯಾರು? ಇಷ್ಟಕ್ಕೆಲ್ಲ ಹಳ್ಳಿಯ ಆಸ್ಪತ್ರೆಯಲ್ಲಿ ಸಿಬ್ಬಂದಿಯೆಲ್ಲಿ ಎಂಬ ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಐಎಲ್ಆರ್ ಮುಂದೆ ದಿನಕ್ಕೆರಡು ಹೊತ್ತು ನಿಂತು ಬರೆಯಲು ಫಾರ್ಮಾಸಿಸ್ಟರಿಗೆ ಹಿಡಿಯುವುದು ಕೆಲವೇ ನಿಮಿಷ. ಆ ನಿಮಿಷಗಳನ್ನು ಅವರ ಕೆಲಸದ ಭಾಗವೆಂದು ನಿಯಮದಲ್ಲಿ ಬರೆದರು, ಪುಸ್ತಕ ಕೊಟ್ಟರು, ತಪಾಸಣೆಗೆ ಬಂದವರು ಮೊದಲು ಆ ಪುಸ್ತಕ ಕೇಳುವಂತೆ ಮಾಡಿದರು. ಕಂಪ್ಯೂಟರ್ ಕೊಟ್ಟವರು ಅಂಥದೊಂದು ಪುಸ್ತಕವನ್ನೂ, ಅದಕ್ಕೆ ಸಹಿ ಹಾಕುವ ಒಬ್ಬರ ಹೆಸರನ್ನೂ ಜೊತೆಗೆ ಕೊಡಬೇಕು.